ನಮ್ಮ ಭಾವನ ಎಡಗಾಲು

ಓಡುತ್ತಿರುವ ಓಟಗಾರನಿಂದ ಮನೆಯವರಿಗೆ ಅಂಥ ತೊಂದರೆಯೇನಿಲ್ಲ. ಭಾನುವಾರ ಕೋಳಿ ಕೂಗುವ ಮುಂಚೆ ಎದ್ದು ಯಾವುದೋ ಬೆಟ್ಟಕ್ಕೆ ಹೋಗುತ್ತಾನೆ. ಮಧ್ಯಾಹ್ನ ಮೈಯೆಲ್ಲ ಕೆಂಪು ಮಣ್ಣು ಮಾಡಿಕೊಂಡು ಬಂದು, ಪಾತ್ರೆಯಲ್ಲಿ ಇದ್ದಬದ್ದ ಅನ್ನವನ್ನೆಲ್ಲ ತಿಂದು ಮಲಗುತ್ತಾನೆ. ಅಲ್ಲಿಗೆ ಮುಗಿಯಿತು. ಕಾಲಿಗೆ ಪೆಟ್ಟು ಮಾಡಿಕೊಂಡು ಮನೆಯಲ್ಲಿ ಕೂತ ಓಟಗಾರ ಇದ್ದಾನಲ್ಲ, ಅವನಿಂದ ದೇವರೇ ಕಾಪಾಡಬೇಕು. ಅವನಿಗಿಂತಲೂ ಒಂದು ಕೈ ಮೇಲು, ಪೆಟ್ಟು ಅರೆಬರೆ ವಾಸಿಯಾಗಿ ‘ಇನ್ನೇನು ಬೆಟ್ಟಕ್ಕೆ ವಾಪಸ್’ ಎನ್ನುವ ಘಟ್ಟಕ್ಕೆ ಬಂದವನು. ಬೆಂಗಳೂರಿನಲ್ಲಿ ಈಗ ಬಡಾವಣೆಗೆ ಇಂಥವರು ಒಬ್ಬಿಬ್ಬರಾದರೂ ಸಿಗುತ್ತಾರೆ. ಪಾರ್ಕಿನ ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಏರಿಸಿ ಇಳಿಸುತ್ತಾ, ಯಾರೂ ಕೇಳದಿದ್ದರೂ ‘ಇವತ್ತು ಸುಮ್ನೆ ನಡಿಗೆ ಅಷ್ಟೆ’ ಎಂದು ಸಮಜಾಯಿಷಿ ಕೊಡುವವರು. ನಮ್ಮ ಪಾಲಿಗೆ ಬಂದವರು ನಮ್ಮ ಭಾವ, ಅಂದರೆ ಅಕ್ಕನ ಯಜಮಾನರು.

ಭಾವ ಬ್ಯಾಂಕಿನಲ್ಲಿ ಮ್ಯಾನೇಜರು. ನಲವತ್ತೈದು ದಾಟಿದ ಮೇಲೆ, ಸಕ್ಕರೆ ಕಾಯಿಲೆ ಬಂದೀತೆಂಬ ಹೆದರಿಕೆಗೆ ಓಡಲು ಶುರು ಮಾಡಿದರು. ಮೊದಲು ಕಬ್ಬನ್ ಪಾರ್ಕು, ಆಮೇಲೆ ಮ್ಯಾರಥಾನು. 42.195 ಕಿಲೋಮೀಟರ್ ಓಡಿ ಮುಗಿಸಿದ ಮೇಲೆ ಡಾಂಬರು ರಸ್ತೆ ಸಪ್ಪೆ ಎನ್ನಿಸಿತು. ಟ್ರೇಲ್ ರನ್ನಿಂಗ್ ಎಂದು ಸ್ಕಂದಗಿರಿ, ಸಾವನದುರ್ಗ, ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿ ಹಿಡಿದರು. ಮಲೆನಾಡಿನಿಂದ ಬಂದ ಒಂದು ಸಲ ಅವರ ಕಾಲುಚೀಲದಲ್ಲೇ ಪ್ರಯಾಣ ಮಾಡಿದ ಜಿಗಣೆಯೊಂದು ಅಕ್ಕನ ಬಚ್ಚಲಮನೆಯಲ್ಲಿ ಇಳಿಯಿತು. ಫೋನಿನ ಪರದೆಯಿಂದ ಮಕ್ಕಳ ಫೋಟೋ ಹೋಗಿ ಮೌಂಟ್ ಬ್ಲಾಂಕ್ ಬಂತು. ಆ ಪರ್ವತವನ್ನು ಸುತ್ತುಹಾಕಿ, ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಮೂರನ್ನೂ ಹಾದು ಸುಮಾರು 170 ಕಿಲೋಮೀಟರ್ ಓಡುವ ಯುಟಿಎಂಬಿ ಎಂಬ ಓಟ 2003ರಿಂದ ನಡೆಯುತ್ತಿದೆಯಂತೆ. ನಿವೃತ್ತಿಯೊಳಗೆ ಅಲ್ಲಿಗೆ ಹೋಗುವುದೇ ಸೈ ಎಂದು ತೀರ್ಮಾನವಾಗಿತ್ತು. ಅಷ್ಟರಲ್ಲಿ ಕುಮಾರ ಪರ್ವತದಲ್ಲಿ ಎಡಗಾಲು ಉಳುಕಿತು.

ಎಲ್ಲಿ ಉಳುಕಿತು ಎನ್ನುವುದರ ಬಗ್ಗೆ ಭಿನ್ನಾಭಿಪ್ರಾಯವಿದೆ. ಭಿನ್ನಾಭಿಪ್ರಾಯ ಇರುವುದು ಭಾವನಿಗೂ ಭಾವನಿಗೂ. ಅವತ್ತು ಅಕ್ಕನಿಗೆ ಫೋನಿನಲ್ಲಿ ಹೇಳಿದ ಪ್ರಕಾರ, ಬೆಟ್ಟವನ್ನೆಲ್ಲ ಇಳಿದು ಕುಕ್ಕೆ ಸುಬ್ರಹ್ಮಣ್ಯದ ಊರಂಚಿನ ಸಮತಟ್ಟು ದಾರಿಗೆ ಬಂದ ಮೇಲೆ, ಎಷ್ಟು ಹೊತ್ತಾಯಿತೆಂದು ಕೈಗಡಿಯಾರ ನೋಡುವಾಗ. ಚಿಕ್ಕಪ್ಪನ ಮಗಳ ಸೀಮಂತದ ಹೊತ್ತಿಗೆ ಆ ಜಾಗ ಗಿರಿಗದ್ದೆಗೆ ಏರಿತ್ತು. ಗೌರಿ ಹಬ್ಬಕ್ಕೆ ಕಲ್ಲುಮಂಟಪ. ಯುಗಾದಿಗೆ ಶೇಷಪರ್ವತದ ಬಂಡೆ, ಪಕ್ಕದಲ್ಲೇ ಪ್ರಪಾತ, ಸುತ್ತ ಮಂಜು. ಕಾಲು ಸೋಫಾದ ಮೇಲೇ ಇದ್ದರೂ ಪೆಟ್ಟು ತಾನಾಗಿ ಬೆಟ್ಟ ಹತ್ತುತ್ತಿತ್ತು. ತುದಿ ಇರುವುದು 1712 ಮೀಟರಿನಲ್ಲಿ. ಇದೇ ವೇಗದಲ್ಲಿ ಹೋದರೆ ದೀಪಾವಳಿಗೆ ಮುಟ್ಟುತ್ತದೆ.

ಸುದ್ದಿ ತಿಳಿದ ಕೂಡಲೇ ಅಮ್ಮ ನನ್ನನ್ನು ಕರೆಸಿದಳು. ನಾನು ಕಾಲು ಮುಂದಾಗಿ ಹುಟ್ಟಿದವನು. ಅಂಥವರು ಮೆಲ್ಲಗೆ ಒದ್ದರೆ ಉಳುಕು ಬಿಡುತ್ತದೆಂದು ನಮ್ಮ ಕಡೆ ನಂಬಿಕೆ. ಚಿಕ್ಕಂದಿನಲ್ಲಿ ನಮ್ಮ ಬೀದಿಯ ಅರ್ಧ ಜನರ ಸೊಂಟ ಒದ್ದು ಕೊಬ್ಬರಿ ಮಿಠಾಯಿ ಸಂಪಾದಿಸಿದ್ದೇನೆ. ‘ಅಳಿಯಂದಿರು ದೊಡ್ಡೋರು, ಹಾಗೆಲ್ಲ ಮಾಡಬಾರದು. ಆದ್ರೂ ಶಾಸ್ತ್ರಕ್ಕೆ ಮೂರು ಸಲ ಕಾಲು ತಾಗಿಸಿಬಿಡೋ’ ಎಂದಳು. ಭಾವನನ್ನು ಒದೆಯುವುದಕ್ಕೆ ಹಿರಿಯರೇ ಅಪ್ಪಣೆ ಕೊಡುವ ಯೋಗ ಎಷ್ಟು ಜನಕ್ಕೆ ಬರುತ್ತದೆ? ಆಟೋ ಮಾಡಿಕೊಂಡು ಹೋದೆ. ಭಾವ ಕಾಲು ಹಿಂದಕ್ಕೆಳೆದುಕೊಂಡು, ‘ಇದು ಉಳುಕಲ್ಲ ಕಣೋ. ಆಂಟೀರಿಯರ್ ಟೇಲೋಫಿಬ್ಯುಲರ್ ಲಿಗಮೆಂಟ್, ಗ್ರೇಡ್ ಟೂ’ ಎಂದರು. ಗಿಣ್ಣಿನ ಹೊರಮಗ್ಗುಲಲ್ಲಿರುವ ಪಟ್ಟಿ ಅದು, ಪಾದ ಒಳಕ್ಕೆ ಮಗುಚಿಕೊಂಡಾಗ ಸಾಮಾನ್ಯವಾಗಿ ಮೊದಲು ಹರಿಯುವುದು ಅದೇ ಎಂದು ಅಮ್ಮನಿಗೂ ಫೋನಿನಲ್ಲಿ ವಿವರಿಸಿದರು. ಅಮ್ಮ ಪೂರ್ತಿ ಕೇಳಿಸಿಕೊಂಡು, ‘ಅದೇಪ್ಪ, ಉಳುಕು’ ಎಂದಳು.

ಆಮೇಲೆ ಐಸಿನ ಕಾಲ. ಫ್ರಿಜ್ಜಿನಲ್ಲಿದ್ದ ಬಟಾಣಿ ಪ್ಯಾಕೆಟ್ಟು ಹಗಲೆಲ್ಲ ಭಾವನ ಕಾಲಿನ ಮೇಲೆ. ಅಕ್ಕ ಅದನ್ನು ಪಲಾವ್‌ಗೆ ಹಾಕಿದ ದಿನ ನಾವೆಲ್ಲ ಮೊಸರನ್ನ ಸಾಕು ಎಂದೆವು. ಅಮೆರಿಕದ ಗೇಬ್ ಮಿರ್ಕಿನ್ ಎಂಬ ವೈದ್ಯರು 1978ರಲ್ಲಿ ವಿಶ್ರಾಂತಿ, ಐಸು, ಬಿಗಿಪಟ್ಟಿ, ಕಾಲೆತ್ತಿ ಇಡುವುದು, ಈ ನಾಲ್ಕನ್ನೂ ಸೇರಿಸಿ ‘ರೈಸ್’ ಎಂಬ ಸೂತ್ರ ಮಾಡಿದ್ದರು. ಭಾವ ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದಾಗ, ಅದೇ ಮಿರ್ಕಿನ್ 2014ರಲ್ಲಿ ಐಸಿನಿಂದ ವಾಸಿಯಾಗುವುದು ತಡವಾದೀತು ಎಂದು ಮಾತು ತಿದ್ದಿಕೊಂಡದ್ದು ಕಣ್ಣಿಗೆ ಬಿತ್ತು. ‘ಇಷ್ಟು ದಿನದ ಬಡ್ಡಿ ಯಾರು ಕಟ್ಟಿಕೊಡ್ತಾರೆ?’ ಎಂದು ಬ್ಯಾಂಕಿನ ದನಿಯಲ್ಲೇ ಕೇಳಿದರು. ಬಟಾಣಿ ಅಡುಗೆಮನೆಗೆ ಮರಳಿತು.

ವೈದ್ಯರ ಹತ್ತಿರ ಹೋದಾಗಲೆಲ್ಲ ಭಾವ ವಕಾಲತ್ತು ಸಿದ್ಧಮಾಡಿಕೊಂಡೇ ಹೋಗುವುದು. ‘ಡಾಕ್ಟ್ರೇ, ಕಿಲಿಯನ್ ಜೋರ್ನೆಟ್ 2017ರಲ್ಲಿ ಕೊಲರಾಡೋದ ಹಾರ್ಡ್‌ರಾಕ್ ಓಟದಲ್ಲಿ ಭುಜ ಜಾರಿದರೂ ಕೈ ಕಟ್ಟಿಕೊಂಡು ನೂರು ಮೈಲಿ ಮುಗಿಸಿ ಗೆದ್ದರು.’ ಆ ಪುಣ್ಯಾತ್ಮರು ಕನ್ನಡಕ ಕೂಡ ಎತ್ತಲಿಲ್ಲ. ‘ಅವರು ಭುಜದ ಮೇಲೆ ಓಡ್ತಿರಲಿಲ್ಲ ಅಲ್ವಾ?’ ಎಂದು ಇನ್ನೂ ನಾಲ್ಕು ವಾರ ಬರೆದುಕೊಟ್ಟರು.

ಇವೆಲ್ಲವನ್ನೂ ಸಹಿಸಿಕೊಂಡೆ. ನನ್ನ ತಾಳ್ಮೆ ಕೆಟ್ಟದ್ದು ಒಂಟಿಕಾಲಿನ ವಿಷಯಕ್ಕೆ. ಲಿಗಮೆಂಟ್ ಹರಿದಾಗ, ಪಾದ ಎತ್ತ ವಾಲುತ್ತಿದೆ ಎಂದು ಮಿದುಳಿಗೆ ಸುದ್ದಿ ಮುಟ್ಟಿಸುವ ನರತುದಿಗಳಿಗೂ ಪೆಟ್ಟಾಗುತ್ತದಂತೆ. ಅವಕ್ಕೆ ಮತ್ತೆ ಪಾಠ ಹೇಳಿಕೊಡಲು, ಕಣ್ಣು ಮುಚ್ಚಿ ಒಂದೇ ಕಾಲ ಮೇಲೆ ಮೂವತ್ತು ಸೆಕೆಂಡು ನಿಲ್ಲಬೇಕು, ದಿನಕ್ಕೆ ಹಲವು ಸಲ, ಎಂದು ಫಿಸಿಯೋಥೆರಪಿ ಹುಡುಗಿ ಹೇಳಿದ್ದಳು. ಗೋಡೆ ಪಕ್ಕದಲ್ಲಿ ನಿಂತು ಮಾಡಿ ಎಂದೂ ಹೇಳಿದ್ದಳು, ಅದು ಭಾವನ ಕಿವಿಗೆ ಬೀಳಲಿಲ್ಲ. ಹಲ್ಲುಜ್ಜುವಾಗ ಒಂಟಿಕಾಲು, ಲಿಫ್ಟಿನಲ್ಲಿ ಒಂಟಿಕಾಲು, ಹಾಲಿನ ಬೂತಿನ ಮುಂದೆ ಒಂಟಿಕಾಲು.

ತುಮಕೂರಿನಲ್ಲಿ ನಮ್ಮ ದಾಯಾದಿಯೊಬ್ಬನ ಮದುವೆ. ಧಾರೆ ಮುಹೂರ್ತ ಹತ್ತಿರವಾಗಿ ಎಲ್ಲರೂ ಅಕ್ಷತೆ ಹಿಡಿದು ಎದ್ದು ನಿಂತಿದ್ದಾರೆ. ಸುಮ್ಮನೆ ನಿಲ್ಲುವುದು ದಂಡ ಎಂದುಕೊಂಡರೋ ಏನೋ, ಭಾವ ಪಂಚೆ ಎತ್ತಿ ಕಟ್ಟಿ, ಬಲಗಾಲು ಮಡಚಿ, ಕಣ್ಣು ಮುಚ್ಚಿ ಎಡಗಾಲ ಮೇಲೆ ನಿಂತೇಬಿಟ್ಟರು. ಮುಷ್ಟಿಯಲ್ಲಿ ಅಕ್ಷತೆ, ತುಟಿ ಅಲುಗುತ್ತಿದೆ. ಎಣಿಸುತ್ತಿದ್ದದ್ದು ಸೆಕೆಂಡನ್ನು. ಹಿಂದಿನ ಸಾಲಿನ ಅಜ್ಜಿ ಕೈಮುಗಿದು, ‘ಪಾಪ, ಯಾವ ಹರಕೆಯಪ್ಪಾ ಇದು?’ ಎಂದರು. ನಾನು ಉತ್ತರ ಹೊಂದಿಸಿಕೊಳ್ಳುವ ಮೊದಲೇ ಪಕ್ಕದ ಹೆಂಗಸು, ‘ಗಂಡಿಗೆ ಏನೋ ಕಂಟಕ ಇತ್ತೇನೋ, ಅದಕ್ಕೇ ಇರಬೇಕು’ ಎಂದು ಬಿಡಿಸಿ ಹೇಳಿದರು. ಕಂಟಕದ ಸುದ್ದಿ ಸಾಲಿನಿಂದ ಸಾಲಿಗೆ ದಾಟಿ ಹೆಣ್ಣಿನ ಕಡೆಯವರನ್ನು ಮುಟ್ಟಿತು. ವಿಡಿಯೋದವನು ಹಸೆಮಣೆಯನ್ನು ಬಿಟ್ಟು ಲೈಟಿನ ಸಮೇತ ನಮ್ಮ ಕಡೆ ತಿರುಗಿದ. ಹೆಣ್ಣಿನ ಸೋದರಮಾವ ಹಣೆ ಗಂಟಿಕ್ಕಿಕೊಂಡು ವಿಚಾರಿಸಲು ಬರುತ್ತಿದ್ದಾರೆ, ಅಷ್ಟರಲ್ಲಿ ಗಟ್ಟಿಮೇಳ ಮೊಳಗಿತು. ಬೆಚ್ಚಿಬಿದ್ದ ಭಾವ ವಾಲಿ ಬಾಳೆಕಂಬವನ್ನು ಹಿಡಿದರು. ಬಾಳೆಕಂಬ ಅವರನ್ನು ಹಿಡಿಯಲಿಲ್ಲ. ಕಂಬ, ಭಾವ, ಅಕ್ಷತೆ ಮೂರೂ ಸೋದರಮಾವನ ಮೇಲೆ. ಎದ್ದವರು ಆಡಿದ ಮೊದಲ ಮಾತು: ‘ಇಪ್ಪತ್ತಾರು! ಮೊನ್ನೆ ಹತ್ತೊಂಬತ್ತಕ್ಕೇ ಕಾಲು ಊರಿದ್ದೆ!’

ಸಂಬಂಧ ಕೆಟ್ಟಿತೆಂದೇ ನಾನು ತಿಳಿದಿದ್ದೆ. ಊಟದ ಪಂಕ್ತಿಯಲ್ಲಿ ನೋಡಿದರೆ ಸೋದರಮಾವ ಭಾವನ ಪಕ್ಕದ ಎಲೆಯಲ್ಲೇ ಕೂತಿದ್ದಾರೆ. ಹೋಳಿಗೆ ಬರುವಷ್ಟರಲ್ಲಿ ತಮ್ಮ ಮಂಡಿ ನೋವನ್ನೆಲ್ಲ ತೋಡಿಕೊಂಡಿದ್ದರು. ಈಗ ಅವರೂ ತುಮಕೂರಿನಲ್ಲಿ ಒಂಟಿಕಾಲಲ್ಲಿ ನಿಲ್ಲುತ್ತಾರೆಂದು ಕೇಳಿದ್ದೇನೆ.

ಕೊನೆಗೊಂದು ದಿನ ವೈದ್ಯರು ‘ಬೆಟ್ಟ ಹತ್ತಿ, ಆದರೆ ನಡೆದುಕೊಂಡು’ ಎಂದರು. ಅಕ್ಕ ಭಾವನ ಕೈಯಿಂದ ಪ್ರಮಾಣ ಮಾಡಿಸಿ, ಅದರ ಮೇಲೂ ನಂಬಿಕೆ ಸಾಲದೆ ನನ್ನನ್ನು ಕಾವಲಿಗೆ ಕಳಿಸಿದಳು. ನಂದಿ ಬೆಟ್ಟಕ್ಕೆ ಸುಲ್ತಾನಪೇಟೆ ಕಡೆಯಿಂದ ಹಳೆಯ ಕಲ್ಲುಮೆಟ್ಟಿಲ ದಾರಿಯಿದೆ, ಸಾವಿರಕ್ಕೂ ಮೀರಿದ ಮೆಟ್ಟಿಲು. ಎತ್ತರ 1478 ಮೀಟರ್, ತುದಿಯಲ್ಲಿ ಕಾಫಿ, ಚುರುಮುರಿ ಎಲ್ಲ ಸಿಗುತ್ತದೆ. ಭಾವ ಹೊರಟ ಠೀವಿ ನೋಡಬೇಕಿತ್ತು: ಹಲ್ಲುಹಲ್ಲಿನ ಅಡಿಯ ಬೂಟು, ಎರಡು ಊರುಗೋಲು, ಎದೆಯ ಮೇಲೆ ಎರಡು ನೀರಿನ ಚೀಲ, ದಾರಿ ತಪ್ಪಿದರೆ ಊದಲು ಸೀಟಿ, ಚಳಿಗೆ ಹೊದೆಯಲು ಬೆಳ್ಳಿಬಣ್ಣದ ಹಾಳೆ. ಎಡಗಾಲಿಗೆ ನೀಲಿ ಟೇಪು, ಅದು ಎದ್ದು ಕಾಣಲೆಂದು ಕಾಲುಚೀಲ ಕೆಳಕ್ಕೆ ಮಡಚಿದ್ದರು.

ಹತ್ತುವಾಗ ಏನೂ ತೊಂದರೆಯಾಗಲಿಲ್ಲ, ಅವರಿಗೆ. ನಾನು ಕೂತಲ್ಲೆಲ್ಲ ಅವರು ನಾಲ್ಕು ಮೆಟ್ಟಿಲು ಜಿಗಿದು, ‘ಇದು ಓಟ ಅಲ್ಲ, ಪವರ್ ಹೈಕಿಂಗ್’ ಎನ್ನುವರು. ಅವರ ಶಕ್ತಿವರ್ಧಕ ಜೆಲ್ಲಿನ ಪೊಟ್ಟಣವನ್ನು ಕೋತಿಯೊಂದು ಕಿತ್ತುಕೊಂಡು, ಕಚ್ಚಿ ರುಚಿ ನೋಡಿ ಬಿಸಾಡಿತು. ಅದರ ಬಗ್ಗೆ ನನ್ನ ಅಭಿಪ್ರಾಯವೂ ಅದೇ.

ಇಳಿಯುವಾಗ ಬೇರೆಯೇ ಭಾವ. ಹತ್ತುವುದಕ್ಕಿಂತ ಇಳಿಯುವುದೇ ಕಾಲಿಗೆ ಪರೀಕ್ಷೆ, ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು, ಒಮ್ಮೆ ಉಳುಕಿದ ಗಿಣ್ಣು ಮತ್ತೆ ಉಳುಕುವುದು ಸುಲಭ ಎಂದೆಲ್ಲ ಬೆಳಿಗ್ಗೆ ಕಾರಿನಲ್ಲಿ ಪಾಠ ಹೇಳಿದವರು ಈಗ ಮಾತು ನಿಲ್ಲಿಸಿದ್ದರು. ಹಿಂದೊಮ್ಮೆ ಸ್ಕಂದಗಿರಿಯಲ್ಲಿ ಅವರು ಇಳಿಯುವುದನ್ನು ಕೆಳಗೆ ನಿಂತು ನೋಡಿದ್ದೆ. ರಾಜ್‌ಕುಮಾರ್ ಹಾಡು ಮೊದಲು ಕೇಳಿಸುತ್ತಿತ್ತು, ಆಮೇಲೆ ಮನುಷ್ಯ ಕಾಣಿಸುತ್ತಿದ್ದ. ಈಗ ಒಂದೊಂದು ಮೆಟ್ಟಿಲಿಗೂ ಎಡಪಾದ ಇಟ್ಟು, ಒತ್ತಿ ನೋಡಿ, ಆಮೇಲೆ ಭಾರ ಬಿಡುತ್ತಿದ್ದರು. ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ಹವಾಯಿ ಚಪ್ಪಲಿ ಪಟಪಟ ಎನ್ನಿಸುತ್ತ ಬಂದು, ‘ಒಸಿ ಜಾಗ ಬುಡಿ ಸಾಮಿ’ ಎಂದು ದಾಟಿ ಹೋದಳು. ಭಾವ ಅವಳ ಹಿಮ್ಮಡಿಗಳನ್ನು ತಿರುವು ಮರೆಯಾಗುವವರೆಗೂ ನೋಡಿದರು.

ಪಾಚಿ ಕಟ್ಟಿ ಸವೆದ ಒಂದು ಮೆಟ್ಟಿಲಿನ ಹತ್ತಿರ ನಿಂತೇಬಿಟ್ಟರು. ವೈದ್ಯರ ಪ್ರಕಾರ ಕಾಲು ವಾಸಿಯಾಗಿದೆ, ಎಂಆರ್‌ಐ ಕೂಡ ಹಾಗೇ ಹೇಳಿದೆ. ಕಾಲಿಗೆ ಮಾತ್ರ ಅದನ್ನು ಯಾರೂ ಹೇಳಿದ ಹಾಗಿಲ್ಲ. ‘ನೀನು ಮುಂದೆ ನಡಿಯೋ’ ಎಂದರು. ಹೋದೆ. ಹೆಗಲ ಮೇಲೆ ಕೈ ಬಿತ್ತು. ‘ನಿಂಗೆ ಅಭ್ಯಾಸ ಇಲ್ಲ ನೋಡು, ಜಾರಿಬಿಟ್ಟೀಯ’ ಎಂದರು. ಆ ಕೈ ಸಾಕಷ್ಟು ಭಾರವಾಗಿಯೇ ಇತ್ತು.

ಹೀಗೇ ಬಹಳ ಹೊತ್ತು ಇಳಿದೆವು. ಈ ವಯಸ್ಸಿನಲ್ಲಿ ಇವರಿಗೆ ಇದೆಲ್ಲ ಬೇಕಿತ್ತೇ ಎಂದು ನೆಂಟರಿಷ್ಟರೆಲ್ಲ ಕೇಳಿದ್ದಾರೆ, ನಾನೂ ಕೇಳಿದ್ದೇನೆ. ಬೀಳುವ ಭಯ ನನಗೆ ಗೊತ್ತೇ ಇಲ್ಲ. ಸೋಫಾದಿಂದ ಬೀಳುವುದು ಅಷ್ಟು ಸುಲಭವಲ್ಲ. ಐವತ್ತು ದಾಟಿದ ಮನುಷ್ಯ ಮೆಟ್ಟಿಲಿಳಿಯುವುದನ್ನು ಮಗುವಿನ ಪಾಠದಿಂದ ಶುರು ಮಾಡುತ್ತಿದ್ದರು, ಅದೂ ಯಾರೂ ಬಲವಂತ ಮಾಡದೆ. ಬಾಯಿಬಿಟ್ಟು ಏನಾದರೂ ಒಳ್ಳೆಯ ಮಾತು ಆಡೋಣವೆಂದುಕೊಂಡೆ. ಅಷ್ಟರಲ್ಲಿ ಕೆಳಗೆ ಬಣ್ಣಬಣ್ಣದ ಬನಿಯನ್ನಿನ ಇಬ್ಬರು ಹುಡುಗರು ಬೂಟಿನ ದಾರ ಕಟ್ಟಿಕೊಳ್ಳುತ್ತಿರುವುದು ಕಂಡಿತು. ಹೆಗಲ ಮೇಲಿನ ಕೈ ಮಾಯ! ಕೊನೆಯ ಮೆಟ್ಟಿಲುಗಳನ್ನು ಭಾವ ಓಡಿಕೊಂಡೇ ಇಳಿದರು. ಗಡಿಯಾರ 4.92 ಕಿಲೋಮೀಟರ್ ತೋರಿಸುತ್ತಿತ್ತಂತೆ. ಐದು ಆಗಲಿ ಎಂದು ಕಾರಿಗೆ ಪ್ರದಕ್ಷಿಣೆ ಹಾಕಿದರು. ಅಕ್ಕನಿಗೆ ಹೇಳಬೇಡ ಎಂದು ಕಣ್ಣಿನಲ್ಲೇ ಸನ್ನೆಯಾಯಿತು.

ಹುಡುಗರು ನೀಲಿ ಟೇಪು ನೋಡಿ, ‘ಏನಾಯ್ತು ಅಂಕಲ್ ಕಾಲಿಗೆ?’ ಎಂದು ಕೇಳಿದರು. ಕೇಳಬಾರದಿತ್ತು. ಎದುರಿನ ಹೋಟೆಲಿನಲ್ಲಿ ಇಡ್ಲಿ ಬರುವಷ್ಟರಲ್ಲಿ ಶೇಷಪರ್ವತ, ಮಂಜು, ಪ್ರಪಾತ ಎಲ್ಲ ಮುಗಿದು, ಈ ಸಲ ಜೊತೆಗೆ ಮಳೆಯೂ ಸೇರಿತು. ಆಮೇಲೆ ಭಾವ ನನ್ನ ಬೆನ್ನು ತಟ್ಟಿ, ‘ಅವತ್ತು ಅಲ್ಲಿಂದ ನನ್ನನ್ನ ಹೆಗಲ ಮೇಲೆ ಇಳಿಸಿಕೊಂಡು ಬಂದೋನು ಇವನೇ’ ಎಂದರು.

ನಾನು ಕುಮಾರ ಪರ್ವತವನ್ನು ಕಂಡಿರುವುದು ಫೋಟೋದಲ್ಲಿ ಮಾತ್ರ. ಹುಡುಗರಲ್ಲಿ ಒಬ್ಬ ನನ್ನ ಹೊಟ್ಟೆಯನ್ನೂ ಭಾವನ ಎತ್ತರವನ್ನೂ ನೋಡಿ, ‘ಅಷ್ಟು ದೂರ ಹೊತ್ಕೊಂಡು ಬಂದ್ರಾ ಸರ್?’ ಎಂದ.

‘ಏನು ಮಾಡೋದಪ್ಪ, ಅಕ್ಕನ ಯಜಮಾನರು’ ಎಂದು ಇನ್ನೊಂದು ಪ್ಲೇಟ್ ಇಡ್ಲಿಗೆ ಹೇಳಿದೆ.