ನಕ್ಷತ್ರದೋಷ

ಸಿ ಭಾಷೆಯಲ್ಲಿ ಪಾಯಿಂಟರ್ ಎಂದರೆ ಮೆಮೊರಿಯ ಒಂದು ವಿಳಾಸವನ್ನು ಇಟ್ಟುಕೊಂಡಿರುವ ವೇರಿಯಬಲ್. ವ್ಯಾಖ್ಯೆ ಇಷ್ಟೇ. ಇದನ್ನು ಓದಿ ಅರ್ಥವಾಗಲಿಲ್ಲ ಎಂದವರು ಕಡಿಮೆ. ಅರ್ಥವಾಯಿತೆಂದು ಲ್ಯಾಬಿಗೆ ಹೋಗಿ ಅದೇ ಧೈರ್ಯದಲ್ಲಿ ಹೊರಬಂದವರು ಇನ್ನೂ ಕಡಿಮೆ. ಬೋಧಕರು ಬೋರ್ಡಿನ ಮೇಲೆ ಒಂದು ಮನೆ ಬರೆದು, ಬಾಗಿಲಿಗೆ ನಂಬರು ಹಾಕಿ, ಮನೆ ಬೇರೆ ವಿಳಾಸ ಬೇರೆ ಎಂದು ವಿವರಿಸುತ್ತಾರೆ. ಹೋಲಿಕೆ ಸರಿಯೇ. ಆದರೆ ಊರಿನಲ್ಲಿ ತಪ್ಪು ಮನೆಗೆ ನುಗ್ಗಿದವನನ್ನು ‘ಯಾರು ಬೇಕಿತ್ತು?’ ಎಂದು ಯಾರಾದರೂ ಕೇಳುತ್ತಾರೆ. ಸಿ ಕೇಳುವುದಿಲ್ಲ. ಒಳಗೆ ಬಿಟ್ಟುಕೊಳ್ಳುತ್ತದೆ, ಬೀರು ತೆಗೆಯಲೂ ಬಿಡುತ್ತದೆ. ಪಾಯಿಂಟರ್ ಕಲಿಕೆಯ ಕಷ್ಟವೆಲ್ಲ ಈ ಸಂಕೋಚದ ಸ್ವಭಾವದಿಂದ ಬಂದದ್ದು.

ಸ್ವಭಾವಕ್ಕೆ ಕಾರಣವಿದೆ. ಡೆನ್ನಿಸ್ ರಿಚಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ 1970ರ ದಶಕದ ಆರಂಭದಲ್ಲಿ ಈ ಭಾಷೆಯನ್ನು ರೂಪಿಸಿದರು. 1973ರಲ್ಲಿ ಯೂನಿಕ್ಸ್‌ನ ಕರ್ನೆಲ್ಲನ್ನು ಇದರಲ್ಲೇ ಹೊಸದಾಗಿ ಬರೆಯಲಾಯಿತು. ಆಪರೇಟಿಂಗ್ ಸಿಸ್ಟಮ್ ಬರೆಯುವವರು ಮೆಮೊರಿಯ ಯಾವ ಮೂಲೆಗಾದರೂ ಕೈಹಾಕಬೇಕಾಗುತ್ತದೆ. ಹೆಜ್ಜೆಹೆಜ್ಜೆಗೂ ಅಪ್ಪಣೆ ಕೇಳುತ್ತಿದ್ದರೆ ಅಂದಿನ ಪುಟ್ಟ ಯಂತ್ರಗಳಲ್ಲಿ ಕೆಲಸ ಸಾಗುತ್ತಿರಲಿಲ್ಲ. ಪ್ರೋಗ್ರಾಮರನನ್ನು ನಂಬು ಎಂಬುದು ಸಿ ಭಾಷೆಯ ಮನೋಧರ್ಮವೆಂದು ಅದಕ್ಕೆ ಮಾನಕ ರೂಪಿಸಿದ ಸಮಿತಿಯೇ ಬರೆದಿಟ್ಟಿದೆ. ಹಾಗೆ ನಂಬಿಸಿಕೊಂಡ ಮೊದಲಿಗರಲ್ಲಿ ಯೂನಿಕ್ಸ್ ಕಟ್ಟಿದ ಕೆನ್ ಥಾಂಪ್ಸನ್ ಇದ್ದರು. ಅದೇ ನಂಬಿಕೆ, ಕಿಂಚಿತ್ತೂ ಕಡಿಮೆಯಾಗದೆ, ಇಂದು ಮೊದಲ ಸೆಮಿಸ್ಟರಿನ ಮೊದಲ ಬೆಂಚಿನಿಂದ ಕೊನೆಯ ಬೆಂಚಿನವರೆಗೂ ಹಂಚಿಕೆಯಾಗುತ್ತಿದೆ.

ಅಭ್ಯಾಸಕ್ಕೆ ಬೇಕಾದ ಚಿಹ್ನೆಗಳು ಎರಡು. & ಹಾಕಿದರೆ ವೇರಿಯಬಲ್ಲಿನ ವಿಳಾಸ ಸಿಗುತ್ತದೆ. * ಹಾಕಿದರೆ ಆ ವಿಳಾಸದಲ್ಲಿ ಇರುವ ವಸ್ತು ಸಿಗುತ್ತದೆ. ತೊಂದರೆಯೆಂದರೆ ನಕ್ಷತ್ರಕ್ಕೆ ಇದೊಂದೇ ಉದ್ಯೋಗವಲ್ಲ. ಎರಡು ಸಂಖ್ಯೆಗಳ ನಡುವೆ ನಿಂತರೆ ಗುಣಾಕಾರ. ಡಿಕ್ಲರೇಶನ್ನಿನಲ್ಲಿ ನಿಂತರೆ ‘ಇದು ಪಾಯಿಂಟರ್’ ಎಂಬ ಘೋಷಣೆ. ಮಿಕ್ಕ ಕಡೆ ‘ವಿಳಾಸಕ್ಕೆ ಹೋಗಿ ತಾ’ ಎಂಬ ಆಜ್ಞೆ. ‘ಇಂಟ್ *ಪಿ, ಕ್ಯೂ;’ ಎಂದು ಬರೆದವರು ಎರಡು ಪಾಯಿಂಟರ್ ಹುಟ್ಟಿದವೆಂದು ತಿಳಿಯುತ್ತಾರೆ. ಹುಟ್ಟಿದ್ದು ಒಂದೇ. ನಕ್ಷತ್ರ ತನಗೆ ಅಂಟಿಕೊಂಡ ಹೆಸರಿಗೆ ಮಾತ್ರ ಫಲ ಕೊಡುತ್ತದೆ; ಕ್ಯೂ ಬರಿಯ ಇಂಟಿಜರ್.

ಮೊದಲ ಅಭ್ಯಾಸ ವಿಳಾಸವನ್ನು ಪರದೆಯ ಮೇಲೆ ಮುದ್ರಿಸುವುದು. ನೀಲಿ ಪರದೆಯ ಟರ್ಬೊ ಸಿ ಕಾಲದಲ್ಲಿ 65524ರಂಥ ಐದಂಕಿಯ ಸಂಖ್ಯೆ ಬರುತ್ತಿತ್ತು, ಇಂಟಿಜರಿಗೆ 2 ಬೈಟ್ ಸಾಕಾಗುತ್ತಿತ್ತು. ಇಂದಿನ 64 ಬಿಟ್ ಯಂತ್ರಗಳಲ್ಲಿ ಇಂಟಿಜರಿಗೆ ಸಾಮಾನ್ಯವಾಗಿ 4, ಪಾಯಿಂಟರಿಗೆ 8 ಬೈಟ್. ವಿಳಾಸವೂ ಅಂಕಿ ಅಕ್ಷರ ಬೆರೆತ ಉದ್ದನೆಯ ಸಾಲು. ಭದ್ರತೆಗಾಗಿ ಆಪರೇಟಿಂಗ್ ಸಿಸ್ಟಮ್ ಜಾಗಗಳನ್ನು ಪ್ರತಿ ಸಲವೂ ಕಲಸುವುದರಿಂದ, ಅದೇ ಪ್ರೋಗ್ರಾಮನ್ನು ಮತ್ತೆ ಓಡಿಸಿದರೆ ಬೇರೆ ವಿಳಾಸ ಬರುತ್ತದೆ. ಮೂರು ಬ್ಯಾಚುಗಳ ಲ್ಯಾಬ್ ರೆಕಾರ್ಡಿನಲ್ಲಿ ಒಂದೇ ವಿಳಾಸ ಕಂಡುಬಂದರೆ ಅದು ಮೆಮೊರಿಯದ್ದಲ್ಲ, ರೆಕಾರ್ಡ್ ಕೊಟ್ಟ ಸೀನಿಯರದ್ದು.

ಎರಡನೆಯದು ಎರಡು ವೇರಿಯಬಲ್ಲುಗಳ ಬೆಲೆ ಅದಲುಬದಲು ಮಾಡುವ ಫಂಕ್ಷನ್. ಪಾಯಿಂಟರಿಲ್ಲದೆ ಬರೆದರೆ ಫಂಕ್ಷನ್ನಿನ ಒಳಗೆ ಅದಲುಬದಲು ಸಾಂಗವಾಗಿ ನೆರವೇರುತ್ತದೆ, ಹೊರಗೆ ಬಂದು ನೋಡಿದರೆ ಎಲ್ಲ ಇದ್ದಲ್ಲೇ ಇರುತ್ತದೆ. ಸಿ ಫಂಕ್ಷನ್ನಿಗೆ ಕೊಡುವುದು ಬೆಲೆಯ ನಕಲನ್ನು. ನಕಲುಗಳು ಅದಲುಬದಲಾಗಿ, ಫಂಕ್ಷನ್ ಮುಗಿದೊಡನೆ ಅಳಿಯುತ್ತವೆ. ವಿಳಾಸಗಳನ್ನು ಕಳಿಸಿದರೆ ಮಾತ್ರ ಮೂಲಕ್ಕೆ ಕೈ ತಲುಪುತ್ತದೆ. ಇಷ್ಟು ತಿಳಿದು ವಿಳಾಸವನ್ನೇ ಕಳಿಸಿದ ಉತ್ಸಾಹಿಗಳು ಒಳಗೆ ನಕ್ಷತ್ರ ಹಾಕುವುದನ್ನು ಮರೆತು ವಿಳಾಸಗಳ ನಕಲನ್ನೇ ಅದಲುಬದಲು ಮಾಡುವುದೂ ಉಂಟು. ಫಲಿತಾಂಶ ಮೊದಲಿನದೇ, ಶ್ರಮ ಮಾತ್ರ ಹೆಚ್ಚು.

ಮೂರನೆಯದು ಅರೇ. ಅರೇಯ ಹೆಸರನ್ನು ಬಳಸಿದರೆ ಬಹುತೇಕ ಕಡೆ ಅದರ ಮೊದಲ ಅಂಶದ ವಿಳಾಸವೇ ದೊರೆಯುತ್ತದೆ. ಇಂಟಿಜರ್ ಪಾಯಿಂಟರಿಗೆ 1 ಕೂಡಿಸಿದರೆ ಅದು ಒಂದು ಬೈಟಲ್ಲ, ಒಂದು ಇಂಟಿಜರಿನಷ್ಟು, ಅಂದರೆ 4 ಬೈಟ್ ಮುಂದೆ ಹೋಗುತ್ತದೆ. ಎ[3] ಎಂಬುದು *(ಎ+3) ಎಂಬುದರ ಚೊಕ್ಕ ಬರಹ. ಎಣಿಕೆ ಸೊನ್ನೆಯಿಂದ ಶುರುವಾಗುವ ರಹಸ್ಯವೂ ಇದೇ: ಮೊದಲ ಅಂಶ ಆರಂಭದಿಂದ ಸೊನ್ನೆ ದೂರದಲ್ಲಿದೆ. ಕೂಡುವಾಗ ಹಿಂದುಮುಂದಾದರೂ ಮೊತ್ತ ಒಂದೇ ಆದ್ದರಿಂದ 3[ಎ] ಎಂದು ಬರೆದರೂ ಕಂಪೈಲರ್ ಒಪ್ಪುತ್ತದೆ. ಈ ಜ್ಞಾನದಿಂದ ವೈವಾದಲ್ಲಿ ಎಕ್ಸ್‌ಟರ್ನಲ್ ಎಕ್ಸಾಮಿನರನ್ನು ಚಕಿತಗೊಳಿಸುವುದು ಬಿಟ್ಟರೆ ಬೇರೆ ಪ್ರಯೋಜನ ಕಂಡುಬಂದಿಲ್ಲ. ಎಂಟು ಅಂಶಗಳ ಅರೇಯಲ್ಲಿ ಒಂಬತ್ತನೆಯದನ್ನು ಕೇಳಿದರೂ ಸಿ ಇಲ್ಲವೆನ್ನುವುದಿಲ್ಲ. ಅಲ್ಲಿ ಏನಿದೆಯೋ ಅದನ್ನೇ ಕೊಟ್ಟುಬಿಡಬಹುದು.

ಸ್ಟ್ರಿಂಗ್ ಎಂದರೆ ಸೊನ್ನೆಯ ಬೈಟಿನಿಂದ ಮುಗಿಯುವ ಅಕ್ಷರಗಳ ಅರೇ. ಇಲ್ಲಿ ಕನ್ನಡಿಗರಿಗೆ ವಿಶೇಷ ಪಾಠವೊಂದಿದೆ. ‘ಕನ್ನಡ’ ಎಂಬ ಪದವನ್ನು ಯುಟಿಎಫ್-8ರಲ್ಲಿ ಇಟ್ಟು ಉದ್ದ ಕೇಳಿದರೆ ಉತ್ತರ 15. ಕ, ನ, ಹಲಂತ, ಮತ್ತೊಂದು ನ, ಡ ಎಂಬ ಐದು ಸಂಕೇತಗಳಿಗೆ ತಲಾ 3 ಬೈಟ್. ಕೊನೆಯ ಸೊನ್ನೆಗೆ ಜಾಗ ಸೇರಿ 16 ಬೇಕು. ಮೂರು ಅಕ್ಷರವೆಂದು ನಾಲ್ಕು ಬೈಟ್ ಕಾದಿರಿಸಿದವರು ಅಕ್ಕಪಕ್ಕದ ಮೆಮೊರಿಯನ್ನೂ ಕನ್ನಡೀಕರಿಸಿರುತ್ತಾರೆ. ಜಾಗ ಮೀರಿ ತುಂಬುವ ಈ ದೋಷ ಸಣ್ಣದಲ್ಲ: 1988ರ ನವೆಂಬರಿನಲ್ಲಿ ಇಂಟರ್‌ನೆಟ್ಟಿನ ಸಾವಿರಾರು ಯಂತ್ರಗಳನ್ನು ಕಾಡಿದ ಮಾರಿಸ್ ವರ್ಮ್ ನುಗ್ಗಿದ ದಾರಿಗಳಲ್ಲಿ, ಉದ್ದ ನೋಡದೆ ಓದುವ ಗೆಟ್ಸ್ ಫಂಕ್ಷನ್ ಒಂದು. 2011ರ ಮಾನಕ ಅದನ್ನು ಭಾಷೆಯಿಂದಲೇ ಕೈಬಿಟ್ಟಿತು.

ನಾಲ್ಕನೆಯ ಹಂತದಲ್ಲಿ ಪಾಯಿಂಟರಿನ ರೋಗಗಳ ಪರಿಚಯವಾಗಬೇಕು. ಯಾವ ವಿಳಾಸವನ್ನೂ ತುಂಬದೆ ಬಿಟ್ಟ ಪಾಯಿಂಟರ್ ಕಾಡು ಪಾಯಿಂಟರ್. ಅದರೊಳಗಿನ ಕಸವೇ ವಿಳಾಸ. ನಲ್ ಪಾಯಿಂಟರ್ ಎಲ್ಲಿಗೂ ತೋರುವುದಿಲ್ಲ. ಅದನ್ನು ಹಿಂಬಾಲಿಸಿದರೆ ಲಿನಕ್ಸಿನಂಥ ಕಡೆ ‘ಸೆಗ್ಮೆಂಟೇಶನ್ ಫಾಲ್ಟ್’ ಎಂಬ ಒಂದು ಸಾಲಿನ ಮರಣಪತ್ರ ಕೈಗೆ ಬರುತ್ತದೆ. ಕಲಿಯುವವರು ಇದನ್ನು ಕಂಡರೆ ಹೆದರುತ್ತಾರೆ, ಆದರೆ ನಿಜವಾಗಿ ಹೆದರಬೇಕಾದ್ದು ಮೂರನೆಯದಕ್ಕೆ. ಫಂಕ್ಷನ್ನಿನೊಳಗಿನ ಸ್ಥಳೀಯ ವೇರಿಯಬಲ್ಲಿನ ವಿಳಾಸವನ್ನು ಹೊರಗೆ ಕಳಿಸಿದರೆ, ಫಂಕ್ಷನ್ ಮುಗಿದಾಗ ವೇರಿಯಬಲ್ ಹೋಗಿ ವಿಳಾಸ ಮಾತ್ರ ಉಳಿಯುತ್ತದೆ. ಆ ಜಾಗದ ಮೇಲೆ ಬೇರೆ ಯಾರೂ ಬರೆಯುವವರೆಗೆ ಹಳೆಯ ಬೆಲೆಯೇ ಸಿಗಬಹುದು. ಪ್ರೋಗ್ರಾಮ್ ಸರಿಯಾಗಿದೆ ಎನ್ನಿಸಬಹುದು. ಮಧ್ಯೆ ಒಂದು ಪ್ರಿಂಟ್‌ಎಫ್ ಸೇರಿಸಿದರೆ ಉತ್ತರ ಬದಲಾಗುತ್ತದೆ, ತೆಗೆದರೆ ಸರಿಹೋಗುತ್ತದೆ, ಎಕ್ಸಾಮಿನರ್ ಬಂದು ನಿಂತರೆ ಮತ್ತೆ ಕೆಡುತ್ತದೆ. ಇಂಥ ಸಂದರ್ಭಕ್ಕೆ ಮಾನಕ ಯಾವ ಫಲವನ್ನೂ ಗೊತ್ತುಮಾಡಿಲ್ಲ. ಸತ್ತ ಪ್ರೋಗ್ರಾಮ್ ತಪ್ಪೆಲ್ಲಿದೆಯೆಂದು ಹುಡುಕಿಸುತ್ತದೆ. ಓಡುವ ತಪ್ಪು ಪ್ರೋಗ್ರಾಮಿಗೆ ಅಂಕ ಬಿದ್ದು, ಅದು ಬರೆದವರ ಜೊತೆ ಕೆಲಸಕ್ಕೂ ಸೇರುತ್ತದೆ.

ಐದನೆಯದು ಮ್ಯಾಲಕ್ ಮತ್ತು ಫ್ರೀ. ಮ್ಯಾಲಕ್ ಕೇಳಿದಷ್ಟು ಬೈಟ್ ಮೆಮೊರಿ ಕೊಡುತ್ತದೆ, ಇಲ್ಲದಿದ್ದರೆ ನಲ್ ಕೊಡುತ್ತದೆ. ಫ್ರೀ ಅದನ್ನು ಹಿಂದಿರುಗಿಸುತ್ತದೆ. ಪಡೆದದ್ದನ್ನು ಹಿಂದಿರುಗಿಸದಿದ್ದರೆ ಸೋರಿಕೆ, ಎರಡು ಸಲ ಹಿಂದಿರುಗಿಸಿದರೆ ಅನಾಹುತ, ಹಿಂದಿರುಗಿಸಿದ ಮೇಲೂ ಬಳಸಿದರೆ ಮೇಲೆ ಹೇಳಿದ ಮೂರನೆಯ ರೋಗ. ಇಪ್ಪತ್ತು ಸಾಲಿನ ಲ್ಯಾಬ್ ಪ್ರೋಗ್ರಾಮ್ ಮುಗಿದಾಗ ಆಪರೇಟಿಂಗ್ ಸಿಸ್ಟಮ್ ಎಲ್ಲವನ್ನೂ ವಾಪಸು ಪಡೆಯುವುದರಿಂದ ಸೋರಿಕೆಗೆ ಶಿಕ್ಷೆ ಬೀಳುವುದಿಲ್ಲ. ತಿಂಗಳುಗಟ್ಟಲೆ ಓಡುವ ಸರ್ವರಿನಲ್ಲಿ ಬೀಳುತ್ತದೆ. ಅದಕ್ಕೇ ಅಭ್ಯಾಸದ ಮೊದಲ ದಿನದಿಂದಲೇ ಕಂಪೈಲರಿನ ಎಲ್ಲ ಎಚ್ಚರಿಕೆಗಳನ್ನೂ ತೋರಿಸುವಂತೆ ಮಾಡಿಕೊಂಡು, ವ್ಯಾಲ್‌ಗ್ರಿಂಡ್ ಅಥವಾ ಅಡ್ರೆಸ್ ಸ್ಯಾನಿಟೈಸರಿನಂಥ ಉಪಕರಣದಡಿ ಪ್ರೋಗ್ರಾಮನ್ನು ಓಡಿಸುವುದು ಲೇಸು. ಸಿ ಮುಚ್ಚಿಟ್ಟ ತಪ್ಪುಗಳಲ್ಲಿ ಬಹಳಷ್ಟನ್ನು ಇವು ಸಾಲಿನ ನಂಬರಿನ ಸಮೇತ ಬಯಲಿಗೆಳೆಯುತ್ತವೆ.

ಇಷ್ಟಾದ ಮೇಲೆ ಲಿಂಕ್ಡ್ ಲಿಸ್ಟ್. ಪ್ರತಿ ನೋಡಿನಲ್ಲಿ ಒಂದು ದತ್ತಾಂಶ, ಮುಂದಿನ ನೋಡಿನ ವಿಳಾಸ. ಇದನ್ನು ಕೀಬೋರ್ಡಿನಲ್ಲಿ ಕಲಿತವರಿಗಿಂತ ಕಾಗದದ ಮೇಲೆ ಚೌಕ ಬರೆದು ಬಾಣ ಎಳೆದು ಕಲಿತವರು ಬೇಗ ಮುಗಿಸುತ್ತಾರೆ. ನಡುವಿನ ನೋಡನ್ನು ತೆಗೆಯುವಾಗ ಮುಂದಿನದರ ವಿಳಾಸ ಮೊದಲು ಉಳಿಸಿಕೊಂಡು ಆಮೇಲೆ ಫ್ರೀ ಮಾಡಬೇಕು. ಮೊದಲೇ ಫ್ರೀ ಮಾಡಿದರೆ ಬಾಲವಿಡೀ ಕೈತಪ್ಪುತ್ತದೆ. ಪಟ್ಟಿಯ ತಲೆಯನ್ನೇ ಬದಲಿಸುವ ಫಂಕ್ಷನ್ನಿಗೆ ಪಾಯಿಂಟರಿನ ವಿಳಾಸ ಬೇಕಾದ್ದರಿಂದ ಎರಡು ನಕ್ಷತ್ರ ಬೀಳುತ್ತವೆ. ಮೂರು ನಕ್ಷತ್ರ ಬೇಕೆನ್ನಿಸಿದರೆ ಪ್ರೋಗ್ರಾಮಿನ ರಚನೆಯನ್ನು ಇನ್ನೊಮ್ಮೆ ಪರಿಶೀಲಿಸತಕ್ಕದ್ದು.

ಕೊನೆಯದು ಫಂಕ್ಷನ್ನಿನ ವಿಳಾಸ ಇಟ್ಟುಕೊಳ್ಳುವ ಪಾಯಿಂಟರ್. ಸಿ ಲೈಬ್ರರಿಯ ಕ್ಯೂಸಾರ್ಟ್ ಯಾವ ಬಗೆಯ ಅರೇಯನ್ನಾದರೂ ಕ್ರಮವಾಗಿ ಜೋಡಿಸಬಲ್ಲದು. ಎರಡರಲ್ಲಿ ಯಾವುದು ಮೊದಲು ಎಂದು ಹೇಳುವ ಫಂಕ್ಷನ್ನಿನ ವಿಳಾಸವನ್ನು ಮಾತ್ರ ಬರೆಯುವವರು ಒದಗಿಸಬೇಕು. ಇದರ ಡಿಕ್ಲರೇಶನ್ನಿನಲ್ಲಿ ಹೆಸರನ್ನೂ ನಕ್ಷತ್ರವನ್ನೂ ಸೇರಿಸಿ ಕಂಸ ಹಾಕುವುದು ಕಡ್ಡಾಯ. ಬಿಟ್ಟರೆ ಅದು ಪಾಯಿಂಟರನ್ನು ಹಿಂದಿರುಗಿಸುವ ಫಂಕ್ಷನ್ ಆಗಿಬಿಡುತ್ತದೆ. ಈ ಅಧ್ಯಾಯ ಪರೀಕ್ಷೆಗೆ ಬರುವುದಿಲ್ಲವೆಂಬ ನಂಬಿಕೆ ಹಾಸ್ಟೆಲುಗಳಲ್ಲಿ ವ್ಯಾಪಕವಾಗಿದೆ. ಸಿ ಪ್ರೋಗ್ರಾಮರನ ಮೇಲಿಟ್ಟ ನಂಬಿಕೆಗೆ ಎಷ್ಟು ಆಧಾರವಿದೆಯೋ ಇದಕ್ಕೂ ಅಷ್ಟೇ.