ಗಾತ್ರಕಾಲ ವ್ಯುತ್ಕ್ರಮನ್ಯಾಯ: ವೈದ್ಯವಿದ್ಯಾಪೀಠದ ನರವಿಜ್ಞಾನ ಜಿಜ್ಞಾಸುಗಳನ್ನು ಕುರಿತು ಒಂದು ಶಾಸ್ತ್ರವಿಚಾರ

ಯಾವ ಶಾಸ್ತ್ರಗ್ರಂಥವೇ ಆಗಲಿ, ತನ್ನ ವಿಷಯವೇನು, ಪ್ರಯೋಜನವೇನು, ಅದನ್ನು ಓದತಕ್ಕ ಅಧಿಕಾರಿ ಯಾರು, ಇವುಗಳಿಗೆ ಪರಸ್ಪರ ಸಂಬಂಧವೇನು ಎಂಬ ನಾಲ್ಕನ್ನೂ ಆರಂಭದಲ್ಲಿಯೇ ನಿವೇದಿಸಿಕೊಳ್ಳತಕ್ಕದ್ದೆಂದು ನಮ್ಮ ಪ್ರಾಚೀನರು ವಿಧಿಸಿರುವುದರಿಂದ, ಆ ಸಂಪ್ರದಾಯಕ್ಕೆ ಭಂಗ ಬಾರದಂತೆ ನಾವೂ ಅಲ್ಲಿಂದಲೇ ತೊಡಗುತ್ತೇವೆ. ವಿಷಯವೆಂದರೆ, ಅಮೆರಿಕದ ವೈದ್ಯವಿದ್ಯಾಪೀಠಗಳಲ್ಲಿ ನರವಿಜ್ಞಾನದ ಪಿಎಚ್.ಡಿ. ಪದವಿಯನ್ನು ಅಪೇಕ್ಷಿಸಿ ಐದಾರು ಸಂವತ್ಸರಗಳನ್ನು ಇಲಿಗಳ ಸಹವಾಸದಲ್ಲಿ ಕಳೆಯುವ ವಿದ್ಯಾರ್ಥಿವರ್ಗ. ಈ ವರ್ಗದಲ್ಲಿ ಸ್ತ್ರೀಪುರುಷರಿಬ್ಬರೂ ಉಂಟಾದ್ದರಿಂದ ಇವರನ್ನು ಒಟ್ಟಾಗಿ ಜಿಜ್ಞಾಸುಗಳೆಂದು ಕರೆಯುವೆವು. ಅಧಿಕಾರಿ ಯಾರೆಂದರೆ, ಮನಸ್ಸೆಂಬುದು ಎಲ್ಲಿದೆ, ಹೇಗಿದೆ ಎಂಬ ಪ್ರಶ್ನೆ ತಾರುಣ್ಯದಲ್ಲಿಯೇ ತಲೆಗೇರಿ ಇಳಿಯದೆ ಉಳಿದವರು. ಪ್ರಯೋಜನದ ವಿಚಾರದಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲವಾಗಿ ಅದನ್ನು ಗ್ರಂಥಾಂತ್ಯಕ್ಕೆ ಮುಂದೂಡಿದ್ದೇವೆ. ಅಲ್ಲಿ ಸ್ಥಳಾಭಾವದಿಂದ ಬಿಟ್ಟುಹೋಗಿದ್ದರೆ ಓದುಗರು ಮನ್ನಿಸಬೇಕು. ಇನ್ನು ಸಂಬಂಧವೆಂದರೆ ಇಲಿಗೂ ಮನಸ್ಸಿಗೂ ಇರುವ ಸಂಬಂಧ. ಅದನ್ನು ಸ್ಥಾಪಿಸುವುದೇ ಜಿಜ್ಞಾಸುವಿನ ಕೆಲಸವಾಗಿರುವುದರಿಂದ ಆ ಹೊರೆಯನ್ನು ನಾವು ಹೊರಲೊಲ್ಲೆವು.

ಈ ವರ್ಗದ ನಡೆನುಡಿಗಳನ್ನು ಬಹುಕಾಲ ಪರಿಶೀಲಿಸಿ ನಾವು ಕಂಡುಕೊಂಡ ನಿಯಮವನ್ನು ಸೂತ್ರರೂಪದಲ್ಲಿ ಹೇಳುವುದಾದರೆ: ವಸ್ತುವು ಎಷ್ಟು ಕಿರಿದೋ ಕಾಲವು ಅಷ್ಟು ಹಿರಿದು. ಇದಕ್ಕೆ ಗಾತ್ರಕಾಲ ವ್ಯುತ್ಕ್ರಮನ್ಯಾಯವೆಂದು ನಾಮಕರಣ ಮಾಡಿದ್ದೇವೆ. ಇದಕ್ಕೆ ಪ್ರತ್ಯಕ್ಷಪ್ರಮಾಣವು ಯಾವ ವೈದ್ಯವಿದ್ಯಾಪೀಠದಲ್ಲಿಯಾದರೂ ದೊರಕುತ್ತದೆ. ಒಂದೇ ಕಟ್ಟಡದ ಒಂದೇ ಬಾಗಿಲಿನಿಂದ ಇಬ್ಬರು ಒಳಹೋಗುತ್ತಾರೆ. ಅವರಲ್ಲಿ ವೈದ್ಯವಿದ್ಯಾರ್ಥಿಯು ಕೈತುಂಬ ಶುಲ್ಕ ತೆತ್ತು, ನಾಲ್ಕೇ ವರ್ಷಗಳಲ್ಲಿ ಅಡಿಯಿಂದ ಮುಡಿಯವರೆಗೆ, ಗರ್ಭಾಧಾನದಿಂದ ಮರಣದವರೆಗೆ ಮನುಷ್ಯಶರೀರವನ್ನೆಲ್ಲ ಮುಗಿಸಿ ಹೊರಬೀಳುತ್ತಾನೆ. ಅದರೊಳಗೆ ಮೂರು ಪೌಂಡು ತೂಗುವ ಮಿದುಳಿಗೂ ಅದರ ಹನ್ನೆರಡು ಜೊತೆ ಕಪಾಲನರಗಳಿಗೂ ಅವನು ಮೀಸಲಿಡುವುದು ಕೆಲವೇ ವಾರಗಳು. ಜಿಜ್ಞಾಸುವಾದರೋ ಶುಲ್ಕ ಕೊಡುವುದರ ಬದಲು ತಾನೇ ಸ್ಟೈಪೆಂಡ್ ಪಡೆದು, ಅದೇ ತರಗತಿಯಲ್ಲಿ ಅದೇ ಮಿದುಳನ್ನು ಅದೇ ಕೈಗವಸಿನಲ್ಲಿ ಹಿಡಿದು ನೋಡಿ, ಅನಂತರ ಅರ್ಧ ಗ್ರಾಮಿಗೂ ಕಡಿಮೆ ತೂಗುವ ಇಲಿಯ ಮಿದುಳಿಗೆ ಇಳಿದು, ಅದರಲ್ಲಿಯೂ ಒಂದು ಮೂಲೆಗೆ, ಆ ಮೂಲೆಯಲ್ಲಿಯೂ ಒಂದು ಜಾತಿಯ ಕೋಶಕ್ಕೆ ತನ್ನ ಯೌವನವನ್ನು ಅರ್ಪಿಸುತ್ತಾನೆ.

ಈ ಅವರೋಹಣವು ಒಮ್ಮೆಗೇ ನಡೆಯತಕ್ಕದ್ದಲ್ಲ. ಪ್ರವೇಶಪತ್ರಕ್ಕೆ ಲಗತ್ತಿಸಿದ ನಿವೇದನೆಯಲ್ಲಿ ಜಿಜ್ಞಾಸುವು ಪ್ರಜ್ಞೆಯ ಸ್ವರೂಪವನ್ನು ತಿಳಿಯಬೇಕೆಂದು ಬರೆದಿರುತ್ತಾನೆ. ಮೊದಲ ವರ್ಷ ರೊಟೇಷನ್ ಎಂಬ ತೀರ್ಥಯಾತ್ರೆಯಲ್ಲಿ ಒಂದೊಂದು ಲ್ಯಾಬಿನಲ್ಲಿ ಎರಡುಮೂರು ತಿಂಗಳಂತೆ ತಂಗಿ ಬರುವಷ್ಟರಲ್ಲಿ ಪ್ರಜ್ಞೆಯು ಹೋಗಿ ಸ್ಮೃತಿ ಮಾತ್ರ ಉಳಿದಿರುತ್ತದೆ. ಕ್ವಾಲಿಫೈಯಿಂಗ್ ಪರೀಕ್ಷೆಯ ಹೊತ್ತಿಗೆ ಸ್ಮೃತಿಯು ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಅಡಗಿಕೊಳ್ಳುತ್ತದೆ. ಮೂರನೆಯ ವರ್ಷ ಆ ಭಾಗದ ಒಂದು ಪದರದ ಒಂದು ಬಗೆಯ ನಿರೋಧಕ ಕೋಶ. ನಾಲ್ಕನೆಯ ವರ್ಷ ಆ ಕೋಶದ ಪೊರೆಯಲ್ಲಿರುವ ಒಂದು ಪೊಟ್ಯಾಸಿಯಂ ನಾಳ. ಪ್ರಬಂಧದ ಶೀರ್ಷಿಕೆಯು ಮಾತ್ರ ವಸ್ತುವಿಗೆ ವಿಲೋಮವಾಗಿ ಬೆಳೆಯುತ್ತ ಬಂದು ಕೊನೆಗೆ ಮೂರು ಪಂಕ್ತಿಗಳನ್ನು ಆಕ್ರಮಿಸುವುದರಿಂದ, ಒಟ್ಟಿನಲ್ಲಿ ಏನೂ ನಷ್ಟವಾಗಲಿಲ್ಲವೆಂದು ಸಮಾಧಾನಪಡುವವರೂ ಉಂಟು.

ಇದಕ್ಕೆ ಪೂರ್ವಾಚಾರ್ಯರ ಸಮ್ಮತಿಯುಂಟೆ ಎಂದರೆ, ಧಾರಾಳವಾಗಿ ಉಂಟು. ಎರಿಕ್ ಕ್ಯಾಂಡೆಲ್ ಎಂಬ ಮಹಾಶಯರು ವೈದ್ಯವಿದ್ಯಾರ್ಥಿಯಾಗಿದ್ದಾಗ ಫ್ರಾಯ್ಡನ ಭಕ್ತರಾಗಿದ್ದು, ಆ ಮಹರ್ಷಿ ವರ್ಣಿಸಿದ ಅಹಂಕಾರಾದಿ ಚಿತ್ತದ ಮೂರು ವಿಭಾಗಗಳು ಮಿದುಳಿನಲ್ಲಿ ಎಲ್ಲೆಲ್ಲಿವೆಯೆಂದು ಹುಡುಕಬೇಕೆಂಬ ಆಸೆಯಿಂದ 1955ರಲ್ಲಿ ಕೊಲಂಬಿಯಾದ ಹ್ಯಾರಿ ಗ್ರುಂಡ್‌ಫೆಸ್ಟರ ಬಳಿಗೆ ಹೋದರು. ಗುರುಗಳು ಕೇಳಿ, ಮಿದುಳನ್ನು ತಿಳಿಯಬೇಕಾದರೆ ಒಂದೊಂದೇ ಕೋಶವಾಗಿ ನೋಡಬೇಕಪ್ಪಾ ಎಂದರು. ಅಹಂಕಾರವನ್ನು ಅರಸಿ ಹೊರಟವರು ಈ ಒಂದು ಉಪದೇಶದಿಂದ ಸಮುದ್ರದ ಬಸವನಹುಳುವಿನ ಬಳಿಗೆ ಬಂದು, ಅದು ತನ್ನ ಕಿವಿರನ್ನು ಒಳಗೆಳೆದುಕೊಳ್ಳುವುದನ್ನು ವರ್ಷಾನುಗಟ್ಟಲೆ ನೋಡಿ, 2000ದಲ್ಲಿ ನೊಬೆಲ್ ಪಾರಿತೋಷಕಕ್ಕೆ ಭಾಗಿಗಳಾದರು. ಅವರು ಇತರರ ಜೊತೆಗೂಡಿ ಸಂಪಾದಿಸಿದ ನರವಿಜ್ಞಾನದ ಪಠ್ಯಗ್ರಂಥವು ಐದನೆಯ ಆವೃತ್ತಿಯಲ್ಲಿ 1700 ಪುಟಗಳನ್ನು ಮೀರಿತೆಂಬುದನ್ನೂ, ಅದನ್ನು ಎತ್ತಬಲ್ಲವರೆಲ್ಲ ಓದಿದವರಲ್ಲವೆಂಬುದನ್ನೂ ಪ್ರಸಂಗವಶಾತ್ ಸೂಚಿಸಬಹುದು.

ನ್ಯಾಯದಿಂದ ತಪ್ಪಿಸಿಕೊಳ್ಳಲೆಳಸಿದವರ ಗತಿ ಏನಾಯಿತೆಂಬುದಕ್ಕೆ ಹಾಡ್ಜ್‌ಕಿನ್ ಮತ್ತು ಹಕ್ಸ್ಲಿ ಎಂಬ ಆಂಗ್ಲ ವಿದ್ವಾಂಸರೇ ಉದಾಹರಣೆ. ವಸ್ತು ದೊಡ್ಡದಾದರೆ ಕೆಲಸ ಬೇಗನೆ ಮುಗಿದೀತೆಂದು ಅವರು, ಸುಮಾರು ಅರ್ಧದಿಂದ ಒಂದು ಮಿಲಿಮೀಟರಿನಷ್ಟು ದಪ್ಪವಾದ, ಬರಿಗಣ್ಣಿಗೇ ಕಾಣಬಲ್ಲ ಸ್ಕ್ವಿಡ್ಡಿನ ದೈತ್ಯನರತಂತುವನ್ನೇ ಆರಿಸಿಕೊಂಡರು. ಪ್ಲಿಮತ್ ಕಡಲತೀರದಲ್ಲಿ 1939ರಲ್ಲಿ ತಂತುವಿನೊಳಕ್ಕೆ ವಿದ್ಯುದಗ್ರವನ್ನು ತೂರಿಸಿ ಮೊದಲ ಫಲಿತಾಂಶ ಪಡೆದರು. ಕೂಡಲೇ ಮಹಾಯುದ್ಧವು ಆರಂಭವಾಯಿತು. ಯುದ್ಧ ಮುಗಿದು ಮತ್ತೆ ಕೈಹಚ್ಚಿ, ಸಮೀಕರಣಗಳನ್ನೆಲ್ಲ ಬರೆದು ಮುಗಿಸಿದಾಗ ಕೇಂಬ್ರಿಜ್ಜಿನ ಗಣಕಯಂತ್ರವು ಮಾರ್ಪಾಡಿಗಾಗಿ ನಿಂತಿತ್ತು. ಆದಕಾರಣ ಹಕ್ಸ್ಲಿ ಮಹಾಶಯರು ಕೈಯಿಂದ ತಿರುವುವ ಬ್ರುನ್ಸ್‌ವಿಗಾ ಯಂತ್ರದ ಮುಂದೆ ಕುಳಿತು, ನರದಲ್ಲಿ ಸೆಕೆಂಡಿನ ಕೆಲವೇ ಸಾವಿರದೊಂದಂಶಗಳಲ್ಲಿ ಆಗಿಹೋಗುವ ಒಂದು ಸ್ಪಂದನವನ್ನು ಲೆಕ್ಕಹಾಕಲು ಮೂರು ವಾರ ಹಿಡಿಕೆ ತಿರುವಿದರು. ಗಾತ್ರದಲ್ಲಿ ಗೆದ್ದವರನ್ನು ನ್ಯಾಯವು ಕಾಲದಲ್ಲಿ ಹಿಡಿಯಿತೆಂದು ಇದರ ತಾತ್ಪರ್ಯ. ಲೇಖನಗಳು 1952ರಲ್ಲಿ ಅಚ್ಚಾದವು. ಇಂದಿನ ಜಿಜ್ಞಾಸು ಅದೇ ಸಮೀಕರಣಗಳನ್ನು ಕ್ಷಣಾರ್ಧದಲ್ಲಿ ಗಣಕಕ್ಕೆ ಒಪ್ಪಿಸಿ, ಉಳಿದ ಮೂರು ವಾರಗಳನ್ನು ಚಿತ್ರದ ಗೆರೆಗಳಿಗೆ ಯಾವ ಬಣ್ಣ ಹಾಕಬೇಕೆಂಬ ಚಿಂತೆಯಲ್ಲಿ ಕಳೆಯುತ್ತಾನೆ.

ಹುಳುವಿನ ಪ್ರಕರಣವನ್ನು ಸಂಕ್ಷೇಪವಾಗಿ ಹೇಳುವೆವು. ಒಂದು ಮಿಲಿಮೀಟರ್ ಉದ್ದದ ದುಂಡುಹುಳುವೊಂದರ 302 ನರಕೋಶಗಳ ನಕಾಶೆಯನ್ನು ಸಿಡ್ನಿ ಬ್ರೆನರರ ತಂಡದವರು ಸಿದ್ಧಪಡಿಸಲು ಹತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. 1986ರಲ್ಲಿ ಅಚ್ಚಾದ ಆ ಲೇಖನದ ಪುಟಗಳ ನೆತ್ತಿಯಲ್ಲಿ ಹುಳುವಿನ ಮನಸ್ಸು ಎಂದು ಮುದ್ರಿಸಿದ್ದರು. ಮನಸ್ಸು ಹಸ್ತಗತವಾದ ಮೇಲೂ ಆ ಹುಳು ಮುಂದೆ ಎತ್ತ ಹೊರಳೀತೆಂದು ನಿಶ್ಚಯವಾಗಿ ಹೇಳಬಲ್ಲವರು ಹುಟ್ಟಿಲ್ಲ. ಇತ್ತ ಹಾರ್ವರ್ಡಿನ ವಿದ್ವಾಂಸರು ಗೂಗಲ್ ಸಂಸ್ಥೆಯವರ ಜೊತೆಗೂಡಿ, ಮನುಷ್ಯನ ಮಿದುಳಿನ ಹೊರಪದರದಿಂದ ತೆಗೆದ ಸುಮಾರು ಒಂದು ಘನ ಮಿಲಿಮೀಟರನ್ನು 2024ರಲ್ಲಿ ವರ್ಣಿಸಿದರು: 57 ಸಾವಿರ ಕೋಶಗಳು, 15 ಕೋಟಿ ನರಸಂಧಿಗಳು, 1400 ಟೆರಾಬೈಟಿನಷ್ಟು ಚಿತ್ರಸಾಮಗ್ರಿ. ಇಂಥ ಘನ ಮಿಲಿಮೀಟರುಗಳು ಒಂದು ತಲೆಯಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಇವೆ. ಮುಂದಿನ ತ್ರೈರಾಶಿಕವನ್ನು ಓದುಗರಿಗೇ ಬಿಟ್ಟಿದ್ದೇವೆ.

ಇಲ್ಲಿ ಪೂರ್ವಪಕ್ಷಿಯು ಎದ್ದುನಿಂತು, ಸ್ವಾಮೀ, ವರ್ಮಾಂಟಿನ ಫಿನಿಯಾಸ್ ಗೇಜನಿಗೆ ಏನು ಹೇಳುತ್ತೀರಿ ಎಂದು ಆಕ್ಷೇಪಿಸುತ್ತಾನೆ. ರೈಲುಹಾದಿಗಾಗಿ ಬಂಡೆ ಸಿಡಿಸುತ್ತಿದ್ದ ಈ ಮೇಸ್ತ್ರಿಯ ಕೆನ್ನೆಯ ಕೆಳಗಿನಿಂದ ಹೊಕ್ಕ ಮೂರೂವರೆ ಅಡಿಗೂ ತುಸು ಹೆಚ್ಚು ಉದ್ದದ ಕಬ್ಬಿಣದ ಸಲಾಕೆಯು 1848ರ ಸೆಪ್ಟೆಂಬರ್ 13ರಂದು ನೆತ್ತಿಯಿಂದ ಹೊರಬಿದ್ದಿತು. ಅವನು ಸಾಯಲಿಲ್ಲ, ಆದರೆ ಮೊದಲಿನ ಗೇಜನಾಗಿ ಉಳಿಯಲಿಲ್ಲವೆಂದು ಅವನ ವೈದ್ಯರು ಬರೆದರು. ಮಿದುಳಿನ ಮುಂಭಾಗಕ್ಕೂ ಮನುಷ್ಯಸ್ವಭಾವಕ್ಕೂ ಸಂಬಂಧವುಂಟೆಂಬ ಬೃಹದ್ವಿಷಯವು ಇಲ್ಲಿ ಒಂದು ಕ್ಷಣದಲ್ಲಿ ತಿಳಿಯಿತಲ್ಲವೆ? ಸಿದ್ಧಾಂತಿಯ ಸಮಾಧಾನ ಹೀಗೆ: ಬೃಹದ್ವಿಷಯವಾದ್ದರಿಂದಲೇ ಒಂದು ಕ್ಷಣ ಸಾಕಾಯಿತು, ನ್ಯಾಯಕ್ಕೆ ಇದು ಬಾಧಕವಲ್ಲ, ಸಾಧಕ. ಅಲ್ಲದೆ ಗೇಜನ ಕಪಾಲವೂ ಆ ಸಲಾಕೆಯೂ ಇಂದು ಹಾರ್ವರ್ಡ್ ವೈದ್ಯವಿದ್ಯಾಪೀಠದ ವಾರನ್ ವಸ್ತುಸಂಗ್ರಹಾಲಯದಲ್ಲಿ ಶಾಶ್ವತ ಸ್ಥಾನ ಪಡೆದಿವೆ. ರೊಟೇಷನ್ ಮಾಡದೆ, ಪರೀಕ್ಷೆಗೆ ಕೂರದೆ ಅಲ್ಲಿ ಕಾಯಂ ಆದವರು ನಮಗೆ ತಿಳಿದಮಟ್ಟಿಗೆ ಇವರಿಬ್ಬರೇ.

ಪೂರ್ವಪಕ್ಷಿ ಮತ್ತೆ ಏಳುತ್ತಾನೆ. ಎಫ್‌ಎಂಆರ್‌ಐ ಯಂತ್ರದೊಳಗೆ ಮಲಗಿಸಿದರೆ ಗಂಟೆಯೊಂದರಲ್ಲಿ ಇಡೀ ಮಿದುಳು ಕಾಣುವುದಷ್ಟೆ? ಕಾಣುವುದು ನಿಜ. 2009ರಲ್ಲಿ ಅಮೆರಿಕದ ಕೆಲವು ಸಂಶೋಧಕರು ಸತ್ತ ಸಾಲ್ಮನ್ ಮೀನೊಂದನ್ನು ಆ ಯಂತ್ರದಲ್ಲಿ ಮಲಗಿಸಿ, ಮನುಷ್ಯರ ಭಾವಚಿತ್ರಗಳನ್ನು ಅದಕ್ಕೆ ತೋರಿಸಿ, ಅವರ ಭಾವವೇನೆಂದು ಕೇಳಲಾಗಿ, ಮೀನಿನ ಮಿದುಳಿನಲ್ಲಿ ಚಟುವಟಿಕೆಯ ಚುಕ್ಕೆ ಕಂಡಿತು. ಸಾವಿರಾರು ಬಿಂದುಗಳನ್ನು ಏಕಕಾಲಕ್ಕೆ ಪರೀಕ್ಷಿಸುವಾಗ ಸಂಖ್ಯಾಶಾಸ್ತ್ರದ ತಿದ್ದುಪಡಿಯನ್ನು ಮರೆತರೆ ಸತ್ತವರಿಗೂ ಸಹಾನುಭೂತಿ ಹುಟ್ಟುತ್ತದೆಂದು ತೋರಿಸುವುದೇ ಅವರ ಉದ್ದೇಶವಾಗಿತ್ತು. 2012ರಲ್ಲಿ ಅವರಿಗೆ ಇಗ್ ನೊಬೆಲ್ ಎಂಬ ಹಾಸ್ಯಪಾರಿತೋಷಕ ಬಂದಿತು. ಪೂರ್ವಪಕ್ಷಿ ಕುಳಿತನು.

ಇನ್ನು ಜಿಜ್ಞಾಸುವಿನ ದಿನಚರಿ. ಇಲಿಯು ನಿಶಾಚರಿಯಾದ್ದರಿಂದ, ಅದು ಎಚ್ಚರವಿದ್ದಾಗ ಕೆಲಸ ಮಾಡಿಸಬೇಕಾದವರು ಅದರ ಕೋಣೆಯಲ್ಲಿ ರಾತ್ರಿಯನ್ನು ಹಗಲೆಂದೂ ಹಗಲನ್ನು ರಾತ್ರಿಯೆಂದೂ ತಿರುಗುಮುರುಗು ಮಾಡಿ, ಇಲಿಯ ಕಣ್ಣಿಗೆ ಅಷ್ಟಾಗಿ ಕಾಣದ ಕೆಂಪು ದೀಪದಲ್ಲಿ ತಡಕಾಡುತ್ತಾರೆ. ಮಿದುಳಿನ ತುಣುಕುಗಳಲ್ಲಿ ಕೆಲಸ ಮಾಡುವವರ ಪಾಡು ಬೇರೆ. ಮುನ್ನೂರು ಮೈಕ್ರಾನ್ ದಪ್ಪದ ಹಲ್ಲೆಗಳನ್ನು ಕತ್ತರಿಸಿ, ಆಮ್ಲಜನಕದ ಗುಳ್ಳೆಯೇಳುವ ಲವಣದ್ರಾವಣದಲ್ಲಿ ಕೆಲವು ಗಂಟೆಗಳ ಕಾಲ ಜೀವ ಹಿಡಿದಿಟ್ಟು, ಗಾಜಿನ ಪಿಪೆಟ್ಟಿನ ಮೊನೆಯನ್ನು ಒಂದು ಕೋಶದ ಮೈಗೆ ಮುಟ್ಟಿಸಿ, ಬಾಯಿಯಿಂದ ಕೊಳವೆಯ ಮೂಲಕ ಮೆಲ್ಲಗೆ ಉಸಿರೆಳೆದು ಅಂಟಿಸಿಕೊಳ್ಳಬೇಕು. ನೆಹರ್ ಮತ್ತು ಸಾಕ್‌ಮನ್ ಎಂಬ ಜರ್ಮನಿಯ ವಿದ್ವಾಂಸರು 1976ರಲ್ಲಿ ಪ್ರಕಟಿಸಿದ ಈ ವಿದ್ಯೆಯಿಂದ ಒಂದೇ ಒಂದು ನಾಳದ ಬಾಗಿಲು ತೆರೆದು ಮುಚ್ಚುವುದನ್ನು ಆಂಪೇರಿನ ಲಕ್ಷಕೋಟಿಯ ಒಂದಂಶದ ಲೆಕ್ಕದಲ್ಲಿ ಅಳೆಯಬಹುದು. ಅಳೆಯುವಾಗ ಗೋಡೆಯ ವಿದ್ಯುತ್ತಿನ 60 ಹರ್ಟ್ಸ್ ಗುಂಯ್‌ಕಾರವು ಎಲ್ಲಿಂದಲೋ ನುಸುಳಿ ಬರುತ್ತದೆ. ಆಗ ತಂತಿಯ ಪಂಜರ ಕಟ್ಟಿ, ಅಲ್ಯೂಮಿನಿಯಂ ಹಾಳೆ ಸುತ್ತಿ, ಒಂದೊಂದೇ ಉಪಕರಣದ ಪ್ಲಗ್ಗು ಕಿತ್ತು ಪರೀಕ್ಷಿಸುತ್ತ ವಾರಗಟ್ಟಲೆ ಕಳೆಯಬೇಕು. ಒಂದು ದಿನ ಆ ಶಬ್ದವು ಕಾರಣವಿಲ್ಲದೆ ನಿಂತುಹೋಗುತ್ತದೆ. ಅಂದು ಮೇಜಿನ ಮೇಲೆ ಯಾವ ವಸ್ತು ಎಲ್ಲಿತ್ತೋ ಅದನ್ನು ಅನಂತರ ಯಾರೂ ಅಲುಗಿಸುವುದಿಲ್ಲ. ಮರೆತು ಇಟ್ಟುಹೋದ ಸ್ಕ್ರೂಡ್ರೈವರ್ ಪೂಜಾರ್ಹವಾಗುತ್ತದೆ. ವಿಜ್ಞಾನಿಗಳಿಗೆ ಮೂಢನಂಬಿಕೆ ಇಲ್ಲವೆನ್ನುವವರು ಈ ಮೇಜನ್ನು ನೋಡಿಲ್ಲ. ಕಾರಣ ತಿಳಿಯದೆ ನಂಬಿ ನಡೆಯುವ ಈ ವಿಚಾರವು ಹೊಸದೂ ಅಲ್ಲ: ಗೊಲ್ಗಿ ಎಂಬ ವಿದ್ವಾಂಸರು 1873ರಲ್ಲಿ ಪ್ರಕಟಿಸಿದ ಬೆಳ್ಳಿಯ ಬಣ್ಣವು ನೂರಾರು ಕೋಶಗಳಲ್ಲಿ ಎಲ್ಲೋ ಒಂದೆರಡನ್ನು ಮಾತ್ರ ಏಕೆ ಕಪ್ಪಾಗಿಸುತ್ತದೆಂಬುದು ಇಂದಿಗೂ ಪೂರ್ತಿ ಬಗೆಹರಿದಿಲ್ಲ, ಆದರೂ ಅದೇ ಬಣ್ಣದಿಂದ ಕಾಹಾಲ್ ಎಂಬ ಇನ್ನೊಬ್ಬ ವಿದ್ವಾಂಸರು ನರಕೋಶಗಳು ಬಿಡಿಬಿಡಿಯೆಂದರು, ಗೊಲ್ಗಿ ಒಂದೇ ಬಲೆಯೆಂದರು, ಇಬ್ಬರಿಗೂ 1906ರ ನೊಬೆಲನ್ನು ಸಮವಾಗಿ ಹಂಚಿದರು.

ಲೇಖನವು ಪತ್ರಿಕೆಗೆ ಹೋದಮೇಲೆ ನ್ಯಾಯವು ಉಗ್ರರೂಪ ತಾಳುತ್ತದೆ. ಅಜ್ಞಾತನಾಮಧೇಯನಾದ ವಿಮರ್ಶಕನು ಪುಟಗಟ್ಟಲೆ ಬರೆದರೆ ವಾರದೊಳಗೆ ಉತ್ತರಿಸಬಹುದು. ಇದನ್ನು ಹೆಣ್ಣಿಲಿಗಳಲ್ಲಿಯೂ ಮಾಡಿ ನೋಡಬಹುದಲ್ಲ ಎಂದು ಒಂದೇ ಪಂಕ್ತಿ ಬರೆದರೆ ವರ್ಷವೊಂದು ಹೋಯಿತು.

ಈ ಸಾಧನೆಯನ್ನು ಊರಿನವರು ಹೇಗೆ ಗ್ರಹಿಸುತ್ತಾರೆಂಬುದೂ ಶಾಸ್ತ್ರದ ಅಂಗವೇ. ಬಾಸ್ಟನ್ನಿನಲ್ಲಿ ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳಿಗೆ ಚನ್ನರಾಯಪಟ್ಟಣದಿಂದ ಸೋದರತ್ತೆ ಫೋನು ಮಾಡಿದ್ದಾರೆಂದು ಭಾವಿಸಿರಿ.

“ಮೆಡಿಕಲ್ ಕಾಲೇಜಲ್ಲೇ ಇದೀಯಂತೆ, ಮೆದುಳೇ ಓದ್ತಿದೀಯಂತೆ. ನಿಮ್ಮ ಮಾವನಿಗೆ ಎಡಗೈ ಜೋಮು ಹಿಡಿಯತ್ತೆ ಕಣೇ, ಯಾವ ಮಾತ್ರೆ ಕೊಡ್ಲಿ?”

“ಅತ್ತೆ, ನಾನು ಆ ಥರ ಡಾಕ್ಟರಲ್ಲ. ನಾನು ನೋಡೋದು ಇಲಿ ಮೆದುಳು.”

“ಆಗ್ಲಿ ಬಿಡು. ಇಲಿಗೆ ಜೋಮು ಹಿಡಿದ್ರೆ ಏನು ಕೊಡ್ತೀರ?”

ಪರೀಕ್ಷಕ ಮಂಡಲಿಯ ಯಾವ ಸದಸ್ಯನೂ ಇಷ್ಟು ನೇರವಾದ ಪ್ರಶ್ನೆಯನ್ನು ಅವಳಿಗೆ ಹಾಕಿರಲಿಲ್ಲ. ಅವಳು ಮಾವನವರನ್ನು ತಡಮಾಡದೆ ನಿಮ್ಹಾನ್ಸಿಗೆ ಕರೆದುಕೊಂಡು ಹೋಗಿರೆಂದಳು. 1974ರಿಂದ ಆಸ್ಪತ್ರೆಯೂ ಸಂಶೋಧನೆಯೂ ಒಂದುಗೂಡಿರುವ ಆ ಸಂಸ್ಥೆಯಲ್ಲಿ ಪಿಎಚ್.ಡಿ. ಮಾಡುವವರಿಗೆ ಈ ಸಂಕಟವಿಲ್ಲ. ಅವರ ಬಂಧುಗಳು ಮಾತ್ರೆ ಕೇಳುವುದಿಲ್ಲ, ಓಪಿಡಿಯಲ್ಲಿ ಯಾರಾದರೂ ಗೊತ್ತೆ ಎಂದಷ್ಟೇ ಕೇಳುತ್ತಾರೆ.

ಕೊನೆಗೆ ಥೀಸಿಸ್ಸಿನ ಸಮರ್ಥನೆ. ಬಹಿರಂಗ ಉಪನ್ಯಾಸದ ಮೊದಲ ಚಿತ್ರದಲ್ಲಿ ಮನುಷ್ಯನ ಮಿದುಳೂ 8600 ಕೋಟಿ ನರಕೋಶಗಳೂ ಇರುತ್ತವೆ. ಎರಡನೆಯ ಚಿತ್ರದಿಂದ ಇಲಿ. ಅನಂತರ ಬಾಗಿಲು ಮುಚ್ಚಿ ಮಂಡಲಿಯವರು ಪ್ರಶ್ನೋತ್ತರ ನಡೆಸಿ, ಅಭ್ಯರ್ಥಿಯನ್ನು ಹೊರಗೆ ಕಳುಹಿಸಿ, ಮತ್ತೆ ಕರೆದು, ಡಾಕ್ಟರ್ ಎಂದು ಸಂಬೋಧಿಸಿ ಕೈಕುಲುಕುತ್ತಾರೆ. ಅದೇ ವಾರ ಇನ್ನೊಂದು ವೈದ್ಯವಿದ್ಯಾಪೀಠದಿಂದ ಪೋಸ್ಟ್‌ಡಾಕ್ ಹುದ್ದೆಯ ಆಹ್ವಾನಪತ್ರವು ಬರುತ್ತದೆ. ಆ ಪೊಟ್ಯಾಸಿಯಂ ನಾಳವು ನಾಲ್ಕು ಉಪಘಟಕಗಳಿಂದ ಕೂಡಿದ್ದು, ಅವುಗಳಲ್ಲಿ ಒಂದರ ಬಾಲವನ್ನು ಮಾತ್ರ ಅಭ್ಯಸಿಸತಕ್ಕದ್ದೆಂದು ಅದರಲ್ಲಿ ಕಂಡಿರುತ್ತದೆ. ಅವಧಿ ಐದು ವರ್ಷ, ಅಗತ್ಯಬಿದ್ದಲ್ಲಿ ವಿಸ್ತರಿಸಲ್ಪಡುವುದು.