ಕೊನೆಯ ಆ ನಾಲ್ಕು

ದಾವಣಗೆರೆಯ ಕಿರಾಣಿ ಅಂಗಡಿ. ಗಲ್ಲಾಪೆಟ್ಟಿಗೆ ಮೇಲೆ ಬಿ.ಕಾಂ. ಮಗನ ಲ್ಯಾಪ್‌ಟಾಪ್, ಕೀಲಿಗಳ ಸಂದಿಯಲ್ಲಿ ಕಡಲೆಹಿಟ್ಟು.

"ಏನೋ ಅದು, ಜೋಡಿ ಹಾವು?"

"ಪೈಥಾನ್ ಅಪ್ಪಾಜಿ, ಲೆಕ್ಕ ಮಾಡುತ್ತೆ. 1979ರಲ್ಲಿ ಬಂತಲ್ಲ ವಿಸಿಕ್ಯಾಲ್ಕ್, ಎಕ್ಸೆಲ್‌ನ ಮುತ್ತಜ್ಜ, ಅದೂ ಬಿಸಿನೆಸ್ ಓದ್ತಿದ್ದವನ ತಲೆಯಿಂದಲೇ ಹುಟ್ಟಿದ್ದು."

"ಮುತ್ತಜ್ಜ ಇರ್ಲಿ. ಹತ್ತು ಪೈಸೆಗೆ ಇಪ್ಪತ್ತು ಪೈಸೆ ಕೂಡ್ಸು."

ಮಗ 0.1 + 0.2 ಎಂದು ಕುಟ್ಟಿದ. ಬಂದದ್ದು 0.30000000000000004.

ಅಪ್ಪ ಕನ್ನಡಕ ಏರಿಸಿದರು. ಮೂವತ್ತು ವರ್ಷ ಗಿರಾಕಿಗಳನ್ನು ನೋಡಿದ ಕಣ್ಣು. "ಕೊನೇ ನಾಲ್ಕು ಯಾರ ಖಾತೆಗೆ?"

"ಕಂಪ್ಯೂಟರ್‌ಗೆ ಸೊನ್ನೆ, ಒಂದು, ಇವೆರಡೇ ಗೊತ್ತು. ಅದರಲ್ಲಿ 0.1 ಬರೆಯೋಕೆ ಹೋದ್ರೆ ಮುಗಿಯೋದೇ ಇಲ್ಲ, ಹತ್ತನ್ನ ಮೂರರಿಂದ ಭಾಗಿಸಿದ ಹಾಗೆ. ದುಡ್ಡಿನ ಲೆಕ್ಕ ಪೂರ್ಣಾಂಕದಲ್ಲಿ, ಪೈಸೆಯಲ್ಲೇ ಇಡ್ಬೇಕು."

"ಇದನ್ನೇ ನಿಮ್ ತಾತ ಹೇಳಿದ್ರು. ಫೀಸ್ ತಗೊಂಡಿರ್ಲಿಲ್ಲ."

"ಪರೀಕ್ಷೆಗೆ ಇದು ಬರಲ್ಲ ಬಿಡಿ. ರೆಕಾರ್ಡ್ ಬುಕ್ಕಲ್ಲಿ ಬಲಗಡೆ ಪೆನ್ನಲ್ಲಿ ಪ್ರೋಗ್ರಾಂ, ಎಡಗಡೆ ಪೆನ್ಸಿಲಲ್ಲಿ ಔಟ್‌ಪುಟ್."

"ಪೆನ್ಸಿಲಲ್ಲಿ ಎಷ್ಟು ಬರುತ್ತೆ?"

"0.3."

ಅಪ್ಪ ಮೇಲಿನ ಹಲಗೆಗೆ ಕೈ ಚಾಚಿದರು. "ಡಜನ್ ಕೊಡ್ಲಾ?"